ಪಂಚನಾಮೆಗೆ ಕಾದ ಗಾಯ

ನನ್ನ ಕಾಕಿಯ ಕೈಯನ್ನು ಕಚ್ಚಿದ್ದು ತೋಳ. ಆ ಗಾಯವನ್ನು ತೊಳೆಯಗೊಡದೆ, ಹೊತ್ತು ಏರುವವರೆಗೂ ಅವಳನ್ನು ಹೊಲದಲ್ಲೇ ಕೂರಿಸಿದ್ದು ನಮ್ಮ ಭಾಗದ ಅರಣ್ಯ ಕಚೇರಿ. ತೋಳದ ಮೇಲೆ ನನಗೆ ದೂರಿಲ್ಲ; ಕಚೇರಿಯ ಮೇಲಿದೆ. ಒಬ್ಬ ಕಾರಕೂನನನ್ನೋ ಒಬ್ಬ ವನರಕ್ಷಕನನ್ನೋ ಹಿಡಿದು ಮಾಡುತ್ತಿರುವ ದೂರೂ ಇದಲ್ಲ. ಊರಿಗೆ ಒಂದು ನಿಯಮವನ್ನು ಕಲಿಸಿ, ಅದು ಯಾರಿಗೆ ಅನ್ವಯಿಸುತ್ತದೆ, ಯಾರಿಗೆ ಅನ್ವಯಿಸುವುದಿಲ್ಲ ಎಂದು ಹೇಳದೆ ಜೀಪು ಹತ್ತಿ ಹೋದ ಅಧಿಕಾರಿಗಳ ಮೇಲೆ ನಾನು ಈ ಆರೋಪ ಹೊರಿಸುತ್ತಿದ್ದೇನೆ. ಇದನ್ನು ಬರೆಯುತ್ತಿರುವ ಹೊತ್ತಿಗೆ ಕಾಕಿ ಬದುಕಿದ್ದಾಳೆ. ಮುಂದೆಯೂ ಬದುಕುತ್ತಾಳೆಯೇ ಎಂಬುದನ್ನು ನಮಗೆ ಯಾರೂ ಖಚಿತವಾಗಿ ಹೇಳುತ್ತಿಲ್ಲ.

ನಮ್ಮ ಹೊಲ ಸೋಲಾಪುರದ ಹತ್ತಿರದ ಬೋರಾಮಣಿಯಿಂದ ಒಳಗೆ, ಮಾಳದ ಅಂಚಿನಲ್ಲಿದೆ. ಬದು ಮುಗಿದಲ್ಲಿ ಇಲಾಖೆಯ ಜಮೀನು ಆರಂಭ. ಸರ್ಕಾರ ಅದನ್ನು ಅರಣ್ಯವೆನ್ನುತ್ತದೆ. ಅಲ್ಲಿರುವುದು ಕಲ್ಲುನೆಲ, ಮೊಣಕಾಲುದ್ದದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ. ಆ ಹುಲ್ಲಿನಲ್ಲಿ ಚಿಗರಿ, ನರಿ, ತೋಳಗಳಿವೆ. ಅಪ್ಪ ಸೋಲಾಪುರದಲ್ಲಿ ಕಾರಕೂನಿಕೆ ಮಾಡುತ್ತಿದ್ದಾಗ ನನ್ನನ್ನು ಹಳ್ಳಿಯಲ್ಲಿಟ್ಟುಕೊಂಡು, ಕನ್ನಡ ಶಾಲೆಗೆ ಕಳುಹಿಸಿ ಬೆಳೆಸಿದವಳು ಕಾಕಿ, ಅಪ್ಪನ ತಮ್ಮ ಕಾಕಾನ ಹೆಂಡತಿ. ಸಂಜೆ ಬದುವಿನ ಮೇಲೆ ನಿಂತು, ದೂರದಲ್ಲಿ ಓಡುವ ತೋಳವನ್ನು ನನಗೆ ಮೊದಲು ತೋರಿಸಿದವಳೂ ಅವಳೇ. ಹೆದರಿ ಅವಳ ಸೆರಗು ಹಿಡಿದಿದ್ದೆ. "ಅಂಜಬ್ಯಾಡ ಯವ್ವಾ. ಅದು ಅದರ ದಾರೀಲೆ ಹೋಗತದ, ನಾವು ನಮ್ಮ ದಾರೀಲೆ ಹೋಗೋದು" ಅಂದಿದ್ದಳು. ನಮ್ಮ ಮನೆಯಲ್ಲಿ ತೋಳದ ಬಗ್ಗೆ ದ್ವೇಷದ ಮಾತನ್ನು ನಾನು ಕೇಳಿಲ್ಲ. ಕುರಿಯವರು ಬೇಸಿಗೆಯಲ್ಲಿ ಬಂದು ನಮ್ಮ ಹೊಲದಲ್ಲಿ ಹಿಂಡು ತರುಬುತ್ತಾರೆ. ರಾತ್ರಿಯಿಡೀ ಕುರಿ ನಿಂತ ನೆಲಕ್ಕೆ ಗೊಬ್ಬರವಾಗುತ್ತದೆ. ತೋಳ ಒಂದೋ ಎರಡೋ ಕುರಿ ಒಯ್ಯುತ್ತದೆ. ಅವರೂ ಅದನ್ನು ಲೆಕ್ಕದಲ್ಲಿ ಹಿಡಿದೇ ಬಂದಿರುತ್ತಾರೆ.

ನಿಯಮ ನಮ್ಮೂರಿಗೆ ಬಂದದ್ದು ಒಂದು ಕರುವಿನ ಸಾವಿನ ನಂತರ. ಹಿಂದಿನ ವರ್ಷ ನಮ್ಮ ಕೊಟ್ಟಿಗೆಯ ಕರುವಿನ ಕುತ್ತಿಗೆಗೆ ತೋಳ ಬಾಯಿ ಹಾಕಿತ್ತು. ಕರು ಇನ್ನೂ ಉಸಿರಾಡುತ್ತಿದ್ದುದರಿಂದ ಕಾಕಿ ಗಾಯ ತೊಳೆದು, ಅರಿಶಿನ ಮೆತ್ತಿ, ತೊಡೆಯ ಮೇಲೆ ಅದರ ತಲೆಯಿಟ್ಟುಕೊಂಡು ಕೂತಿದ್ದಳಂತೆ. ಮಧ್ಯಾಹ್ನ ಅದು ಸತ್ತಿತು. ಮರುದಿನ ಬಂದ ವನರಕ್ಷಕ ಅರಿಶಿನ ಮೆತ್ತಿದ ಕುತ್ತಿಗೆಯನ್ನು ಬೂಟಿನ ತುದಿಯಿಂದ ಹೊರಳಿಸಿ, "ಹಲ್ಲಿನ ಗುರುತೇ ಇಲ್ಲಲ್ಲ. ತೊಳದ ಮ್ಯಾಲ ತೋಳ ಅಂತ ಹ್ಯಾಂಗ ಬರೀಲಿ? ನಾಯಿ ಕಡದಿದ್ದಕ್ಕೂ ತೋಳ ಅಂತ ಹೇಳೋದು ಕಲ್ತೀರಿ ನೀವು" ಅಂದ. ಪರಿಹಾರ ಬರಲಿಲ್ಲ. ಅದು ಕಾಕಿಯನ್ನು ಕಾಡಲಿಲ್ಲ. ಊರವರ ಮುಂದೆ ಸುಳ್ಳಿಯೆನಿಸಿಕೊಂಡದ್ದು ಕಾಡಿತು. ಅದನ್ನು ಅವಳು ಮರೆಯಲೇ ಇಲ್ಲ.

ಕೆಲವು ದಿನಗಳ ನಂತರ ಅರಣ್ಯ ಕಚೇರಿಯ ದೊಡ್ಡ ಸಾಹೇಬರೇ ಬಂದು ಪಂಚಾಯತಿ ಕಟ್ಟೆಯ ಮೇಲೆ ಸಭೆ ಮಾಡಿದರು. ಸುಗ್ಗಿಗೆ ಊರಿಗೆ ಬಂದಿದ್ದ ನಾನೂ ಅಲ್ಲಿದ್ದೆ. ಮಾತೆಲ್ಲ ಮರಾಠಿಯಲ್ಲಿ. ಕಾಡುಪ್ರಾಣಿ ಕಚ್ಚಿದರೆ ಮುಟ್ಟಬೇಡಿ, ಜಾಗ ಬಿಟ್ಟು ಕದಲಿಸಬೇಡಿ, ಗಾಯ ತೊಳೆಯಬೇಡಿ, ಮೇಲೆ ಬಟ್ಟೆ ಹೊದಿಸಿ, ಕಚೇರಿಗೆ ಫೋನ್ ಮಾಡಿ, ನಮ್ಮವರು ಬಂದು ಪಂಚನಾಮೆ ಮಾಡುವವರೆಗೆ ಕಾಯಿರಿ ಎಂದರು. ಪಂಚನಾಮೆಯೆಂದರೆ ಸಾಕ್ಷಿಗಳ ಎದುರು ಸ್ಥಳ ನೋಡಿ ಬರೆಯುವ ಸರ್ಕಾರಿ ವರದಿ; ಅದಿಲ್ಲದೆ ಏನೂ ನಡೆದಿಲ್ಲವೆಂದೇ ಅರ್ಥ ಎಂದೂ ಹೇಳಿದರು. ದನ, ಕುರಿ ಎಂಬ ಮಾತು ಭಾಷಣದ ಆರಂಭದಲ್ಲಿ ಒಮ್ಮೆ ಬಂದಿರಬೇಕು. ಆಮೇಲೆ ಬಂದದ್ದು ಬರೀ 'ಕಚ್ಚಿದರೆ'. ಮನುಷ್ಯರನ್ನು ಕಚ್ಚಿದರೆ ಏನು ಮಾಡಬೇಕೆಂದು ಅವರು ಹೇಳಲಿಲ್ಲ. ಚಹಾ ಕುಡಿದು ಹೊರಟರು.

ಆ ನಿಯಮವನ್ನು ನಮ್ಮೂರು ಪಾಲಿಸಿದಷ್ಟು ನಿಷ್ಠೆಯಿಂದ ಸರ್ಕಾರದ ಇನ್ನಾವ ಮಾತನ್ನೂ ಪಾಲಿಸಿದ್ದನ್ನು ನಾನು ನೋಡಿಲ್ಲ. ತೋಳ ಹಿಡಿದ ಕುರಿಯ ಮೇಲೆ ಚಾದರ ಹೊದಿಸುವುದು, ನಾಲ್ಕು ಮೂಲೆಗೆ ಕಲ್ಲಿಡುವುದು, ಪಕ್ಕದಲ್ಲಿ ಒಬ್ಬರು ಬಡಿಗೆ ಹಿಡಿದು ಕೂರುವುದು, ಇವು ರೂಢಿಯೇ ಆಗಿಹೋದವು. ಹೊಲದಲ್ಲಿ ಚಾದರ ಕಂಡರೆ ಯಾರೂ ಹತ್ತಿರ ಹೋಗುತ್ತಿರಲಿಲ್ಲ. "ಸತ್ತ ಬೀಗರ ಹತ್ರನೂ ಇಷ್ಟು ಹೊತ್ತು ಕುಂತಿಲ್ಲ ನಾವು" ಎಂದು ಕಾಕಿಯೇ ನಗುತ್ತಿದ್ದಳು. ನಗುತ್ತಲೇ, ಬೇರೆಯವರ ಕುರಿ ಸತ್ತಾಗಲೂ ಓಡಿಹೋಗಿ, "ತೊಳೀಬ್ಯಾಡ್ರಿ, ತೊಳೀಬ್ಯಾಡ್ರಿ" ಎಂದು ಕೂಗುತ್ತಿದ್ದಳು.

ಹಿಂಗಾರಿ ಜೋಳ ಕೊಯ್ಲಿಗೆ ಬಂದ ದಿನಗಳಲ್ಲಿ, ಒಂದು ಮುಂಜಾನೆ, ಸೋಲಾಪುರದಲ್ಲಿ ವಿಜಾಪುರ ರಸ್ತೆಯ ನನ್ನ ಕೋಣೆಗೆ ಕಾಕಾನ ಫೋನ್ ಬಂತು.

"ನಿನ್ನ ಕಾಕೀಗ ತೋಳ ಕಡದದ. ಎಮ್ಮಿ ಹಿಂಡಾಕ ಹೋಗಿದ್ಲು, ಸೀದಾ ಬಂದು ಕೈಗೇ ಬಾಯಿ ಹಾಕ್ತು. ಅಂಗೈ, ಮುಂಗೈ ಎರಡೂ. ಚರಗೀಲೆ ಹೊಡದ ಮ್ಯಾಲ ಬಿಡ್ತು. ನಾ ಆಫೀಸಿಗಿ ಫೋನ್ ಹಚ್ಚಾಕತ್ತೀನಿ, ಎತ್ತವಲ್ರು. ನೀ ಹತ್ರ ಇದ್ದಿ. ಹೋಗಿ ಯಾರನ್ನಾರ ಕಳಸು."

"ದವಾಖಾನಿ, ಕಾಕಾ?"

"ಗಾಡಿ ನಿಲ್ಸೀನಿ. ನೀ ಮೊದಲ ಆಫೀಸಿಗಿ ಹೋಗು."

ಗಾಡಿ ನಿಲ್ಲಿಸಿದ್ದಾನೆಂದರೆ ಕಾಕಿ ದಾರಿಯಲ್ಲಿದ್ದಾಳೆಂದು ಯಾರಾದರೂ ತಿಳಿಯುತ್ತಾರೆ. ಮನುಷ್ಯರನ್ನು ಕಂಡು ಓಡದ ತೋಳ ಹುಚ್ಚು ಹಿಡಿದ ತೋಳವಿರಬಹುದೆಂಬ ಒಂದೇ ಯೋಚನೆಯಲ್ಲಿ ನಾನು ಸ್ಕೂಟಿ ಹತ್ತಿದೆ. ಅದನ್ನು ಹಿಡಿಯಬೇಕು, ಪರೀಕ್ಷಿಸಬೇಕು. ಅದಕ್ಕೆ ಕಚೇರಿ ಬೇಕೇ ಬೇಕು.

ಕಚೇರಿಯ ಗೋಡೆಯ ಮೇಲೆ ದೊಡ್ಡದೊಂದು ಚಿತ್ರವಿದೆ: ಬೆಟ್ಟಗಳ ಸಾಲು, ಜಲಪಾತ, ಒತ್ತಾದ ಹಸಿರು, ಒಂದು ಹುಲಿ. ಅದರಲ್ಲಿರುವ ಯಾವುದೂ ನಮ್ಮ ಜಿಲ್ಲೆಯಲ್ಲಿಲ್ಲ. ನಮ್ಮ ಜಿಲ್ಲೆಯಲ್ಲಿರುವ ಹುಲ್ಲಿನ ಒಂದು ಎಸಳೂ ಅದರಲ್ಲಿಲ್ಲ. ಚಿತ್ರದ ಕೆಳಗೆ ಕಾರಕೂನ ಕೂತಿದ್ದ. ಮೇಜಿನ ಮೇಲಿನ ಫೋನಿನ ರಿಸೀವರನ್ನು ತೆಗೆದು ಪಕ್ಕಕ್ಕಿಟ್ಟಿದ್ದ.

"ತೋಳ ಕಡದದ್ರಿ, ನಮ್ಮ ಕಾಕೀಗ. ಬೋರಾಮಣಿ ಕಡೆ. ಯಾರನ್ನಾರ ಕಳಸ್ರಿ."

"ತೋಳ ಮನಷ್ಯಾರಿಗಿ ಕಡಿಯೂದಿಲ್ಲ, ಮೇಡಂ."

"ಕಡದದ್ರಿ."

"ಮೋಕಾಟ ಕುತ್ರಾ ಇರಬೇಕು. ಬೀದಿನಾಯಿ ನಮ್ಮ ಖಾತೆಗಿ ಬರಂಗಿಲ್ಲ. ಗ್ರಾಮಪಂಚಾಯತಿಗಿ ಹೋಗ್ರಿ."

"ನಮ್ಮ ಕಾಕಿ ಲಗ್ನ ಆಗಿ ಬಂದಾಗಿಂದ ತೋಳ ನೋಡ್ಯಾಳ್ರಿ. ನಾಯಿ ಯಾವುದು, ತೋಳ ಯಾವುದು ಆಕೀಗ ಗೊತ್ತದ."

"ಆಕೀಗ ತೋಳ ಗೊತ್ತಿರಬೌದು. ತೋಳಕ್ಕ ಆಕಿ ಗೊತ್ತದಾಳೇನು?" ಎಂದು ತನ್ನ ಮಾತಿಗೆ ತಾನೇ ನಕ್ಕ.

ಸಾಹೇಬರು ಮೀಟಿಂಗಿಗೆ ಹೋಗಿದ್ದರು. ವನರಕ್ಷಕ ಎಲ್ಲಿದ್ದಾನೆಂದು ಅವನಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಕಾಕಾನ ಫೋನ್ ಮತ್ತೆ ಬಂತು. ಯಾವ ದವಾಖಾನೆಗೆ ಮುಟ್ಟಿದಿರಿ ಎಂದು ಕೇಳಿದೆ.

"ದವಾಖಾನಿ ಎಲ್ಲಿಂದು? ಇಲ್ಲೇ ಜಾಲಿಗಿಡದ ಬುಡಕ ಕುಂಡ್ರಿಸೀನಿ. ಕೈ ಮ್ಯಾಲ ಧೋತರ ಹೊಚ್ಚೀನಿ. ಒಬ್ಬರಿಗೂ ಮುಟ್ಟಗೊಟ್ಟಿಲ್ಲ." ಕಾಕಾನ ದನಿಯಲ್ಲಿ ಕರ್ತವ್ಯ ಮಾಡಿದವನ ಸಮಾಧಾನವಿತ್ತು.

"ಗಾಯ ತೊಳದೀರಿಲ್ಲೋ?"

"ತೊಳ್ಯಾಕ ನಮಗೇನು ಹುಚ್ಚೇನು? ಕರುವಿಂದು ಮರತಿಯೇನು?"

ರೇಬೀಸ್ ಎಂಬ ಶಬ್ದ ಕಾಕಾನಿಗೆ ಗೊತ್ತಿಲ್ಲವೆಂದಲ್ಲ. ಊರಲ್ಲಿ ನಾಯಿ ಕಚ್ಚಿದವರನ್ನು ಅವನೇ ಗಾಡಿಯಲ್ಲಿ ಕೂರಿಸಿ ಇಂಜೆಕ್ಷನ್‌ಗೆ ಕರೆದೊಯ್ದಿದ್ದಾನೆ. ನಾಯಿ ಕಚ್ಚಿದ್ದರೆ ಅಂದೂ ಅವನು ಹಾಗೆಯೇ ಮಾಡುತ್ತಿದ್ದ. ಕಚ್ಚಿದ್ದು ತೋಳವಾದ್ದರಿಂದ ಅದು ಸರ್ಕಾರದ ಗಾಯವಾಗಿತ್ತು.

ಫೋನನ್ನು ಕಾಕಿಗೆ ಕೊಡಿಸಿದೆ. ಕೂಗಿ ಹೇಳಿದೆ: ಸೋಪು ಹಚ್ಚಿ ತೊಳಿ, ನೀರು ಸುರೀತಾ ಇರು, ಈಗಿಂದೀಗಲೇ ಗಾಡಿ ಹತ್ತು.

"ನೀ ಆಫೀಸಿನ್ಯಾಗೇ ಇದ್ದೀಯಲ್ಲ?" ಅಂದಳು ಕಾಕಿ. ನೋವಿನಲ್ಲಿ ದನಿ ಸಣ್ಣಗಾಗಿತ್ತು, ಹಟ ಸಣ್ಣಗಾಗಿರಲಿಲ್ಲ. "ಅವರ ಬಾಯಿಲೆ ಹೇಳಸು. ಅವರು ತೊಳಿ ಅಂದ್ರ ಈಗ ತೊಳೀತೀನಿ. ಇದು ಪಂಚನಾಮಾ ಆಗಲಿಲ್ಲಂದ್ರ ಆ ತೋಳ ಹಿಡಿಯಾಕ ಯಾರೂ ಬರಂಗಿಲ್ಲ, ಯವ್ವಾ. ಕುರಿಯವರ ಕೂಸುಗಳು ಬಯಲಾಗ ಮಲಗತಾವ. ಮತ್ತ ನಾ ಸುಳ್ಳಿ ಆಗಾಕ ಒಲ್ಲೆ."

ನಾನು ಫೋನನ್ನು ಸ್ಪೀಕರಿಗೆ ಹಾಕಿ ಕಾರಕೂನನ ಮುಂದೆ ಹಿಡಿದೆ. "ಒಂದೇ ಮಾತು ಹೇಳ್ರಿ. ತೊಳೀರಿ ಅಂತ."

ಅವನು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡ. "ನಾ ಹ್ಯಾಂಗ ಹೇಳ್ಲಿ? ನಾಳೆ ಚೌಕಶಿ, ತನಿಖಿ ಆದ್ರ ಪುರಾವಾ ಹಾಳ ಮಾಡಾಕ ನಾನೇ ಹೇಳ್ದೆ ಅಂತ ಬರತದ. ಸಾಹೇಬ್ರು ಬರೂತನಕ ಕುಂಡ್ರಿ."

"ಆಕೀ ಜೀವದ ಮಾತದು!"

"ನನ್ನ ನೌಕರಿ ಮಾತೂ ಅದ, ಮೇಡಂ."

"ಯಾರ್ರಿ ಅದು?" ಫೋನಿನಿಂದ ಕಾಕಿ ಕೇಳಿದಳು. "ಜೋರಾಗಿ ಮಾತಾಡ್ರಿ, ಕೇಳವಲ್ದು."

ಅವನು ಕಡತವೊಂದನ್ನು ತೆರೆದು ಓದುವವನಂತೆ ಕೂತ. ಎರಡಕ್ಷರದ ಒಂದು ಉತ್ತರಕ್ಕಾಗಿ ಒಂದು ಜೀವ ಅಲ್ಲಿ ಬಿಸಿಲಲ್ಲಿ ಕಾಯುತ್ತಿತ್ತು. ಇಲ್ಲಿ ಜಲಪಾತದ ಚಿತ್ರದ ಕೆಳಗೆ ಅದನ್ನು ಹೇಳುವ ಅಧಿಕಾರ ಯಾರಿಗೂ ಇರಲಿಲ್ಲ. ನಾನು ಫೋನನ್ನು ಬಾಯಿಗೆ ತಂದು, "ತೊಳಿ ಅಂದ್ರು, ಕಾಕಿ. ಸಾಹೇಬ್ರೇ ಅಂದ್ರು" ಎಂದೆ.

"ಅದು ನಿನ್ನ ದನಿ" ಅಂದಳು ಕಾಕಿ. "ನಾನೇ ಬೆಳಸೀನಿ ನಿನ್ನ. ನೀ ಸುಳ್ಳ ಹೇಳೂದು ನನಗ ಗೊತ್ತಾಗಲ್ಲೇನು?"

ಆ ದಾರಿಯನ್ನು ನಾನು ಹೇಗೆ ಕ್ರಮಿಸಿದೆನೋ ನೆನಪಿಲ್ಲ. ನಡುವೆ ಒಂದು ಅಂಗಡಿಯಲ್ಲಿ ಬಟ್ಟೆ ಸೋಪು ಕೊಂಡದ್ದು, ಚಿಲ್ಲರೆಗೆ ನಿಲ್ಲದೆ ಓಡಿದ್ದು ನೆನಪಿದೆ. ಹೊಲದಲ್ಲಿ ಕಾಕಿ ಜಾಲಿಯ ತೂತುನೆರಳಲ್ಲಿ, ಗೋಣಿಚೀಲದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಎಡಗೈ ಮುಂದೆ ಚಾಚಿತ್ತು. ಅದರ ಮೇಲೆ ಕಾಕಾನ ಧೋತರ, ಧೋತರದ ಅಂಚಿಗೆ ಎರಡು ಕಲ್ಲು. ನಿಯಮದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಬಡಿಗೆ ಹಿಡಿದ ಕಾಕಾ ನೊಣ ಓಡಿಸುತ್ತಿದ್ದ. ಹತ್ತು ಹೆಜ್ಜೆಯಾಚೆ ನೀರಿನ ಟಾಕಿ ತುಂಬಿ ತುಳುಕುತ್ತಿತ್ತು.

ಧೋತರ ಎತ್ತಿದೆ. ಹೆಬ್ಬೆರಳಿನ ಬುಡ ಸೀಳಿತ್ತು. ಮುಂಗೈಯ ತೂತುಗಳಲ್ಲಿ ರಕ್ತ ಕಪ್ಪಾಗಿ ಹೆಪ್ಪುಗಟ್ಟಿ, ಅದರ ಮೇಲೆ ಮಣ್ಣು ಕೂತಿತ್ತು.

"ಯಾರು ಬಂದಾರ ನಿನ್ನ ಜೋಡಿ?" ಎಂದಳು, ನನ್ನ ಬೆನ್ನ ಹಿಂದೆ ನೋಡುತ್ತ.

"ಯಾರೂ ಇಲ್ಲ."

"ಹಂಗಾರ ಬಿಡು, ಮುಚ್ಚು."

ವಾದ ಮಾಡುವಷ್ಟು ಹೊತ್ತಿರಲಿಲ್ಲ. ಮೊಬೈಲಿನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆದೆ. ಅವಳು ಕೈಯನ್ನು ತಾನೇ ಹೊರಳಿಸಿ ತೋರಿಸಿದಳು. "ಹಲ್ಲಿನ ಗುರುತು ಬಂದಾವೇನು ನೋಡು. ದೊಡ್ಡದ ಮಾಡಿ ನೋಡು." ಬಂದಿವೆ ಎಂದು ತೋರಿಸಿದ ಮೇಲೆಯೇ ಟಾಕಿಯ ತನಕ ನಡೆದಳು. ನಾನು ಸೋಪು ತಿಕ್ಕುತ್ತಿದ್ದೆ, ಕಾಕಾ ಕೊಡದಿಂದ ನೀರು ಹೊಯ್ಯುತ್ತಿದ್ದ. ಕೆಂಪು ನೀರು ಹರಿದು ಬದನೆಯ ಮಡಿಗೆ ಸೇರಿತು. ಕಾಕಿ ಹಲ್ಲು ಕಚ್ಚಿ ನಿಂತಿದ್ದವಳು ಒಮ್ಮೆ ಮಾತ್ರ ಕೇಳಿದಳು: "ಇನ್ನು ಅವರು ಬಂದ್ರ ನಾ ಏನ್ ತೋರಸ್ಲಿ?"

"ನನ್ನ ತೋರಸು" ಎಂದೆ.

ಸೋಲಾಪುರದ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಕಚ್ಚಿದ್ದು ಯಾವಾಗ. ಎರಡನೆಯದು ತೊಳೆದದ್ದು ಯಾವಾಗ. ಎರಡು ಉತ್ತರಗಳ ನಡುವಿನ ಅಂತರ ಕೇಳಿ ಅವರು ತಲೆಯೆತ್ತಿದರು. "ತೊಳಿಬ್ಯಾಡ ಅಂತ ಯಾರು ಹೇಳಿದ್ರಮ್ಮಾ?"

"ಸರ್ಕಾರ" ಅಂದಳು ಕಾಕಿ.

ಗಾಯದೊಳಗೆ, ಸುತ್ತ, ಸೂಜಿ ಚುಚ್ಚಿ ಚುಚ್ಚಿ ರೇಬೀಸ್ ತಡೆಯುವ ಸೀರಮ್ ತುಂಬಿದರು. ಕಾಕಿ ನನ್ನ ಭುಜವನ್ನು ಹಿಡಿದ ಹಿಡಿತಕ್ಕೆ ಮರುದಿನ ಅಲ್ಲಿ ನೀಲಿಗಟ್ಟಿತ್ತು. ನನ್ನನ್ನು ಬಾಗಿಲ ಹೊರಗೆ ಕರೆದು ಡಾಕ್ಟರು ಹೇಳಿದರು: ಅಂಗೈಯಲ್ಲಿ ನರಗಳು ಹೆಚ್ಚು, ಅಲ್ಲಿನ ಕಡಿತ ಅಪಾಯದ್ದು. ಮೊದಲೇ ತೊಳೆದಿದ್ದರೆ ಇಷ್ಟು ಚಿಂತೆಯಿರುತ್ತಿರಲಿಲ್ಲ. ಎಲ್ಲ ಇಂಜೆಕ್ಷನ್ ತಪ್ಪದೆ ಕೊಡಿಸಿರಿ, ಬಹುಮಟ್ಟಿಗೆ ಗುಣವಾಗುತ್ತದೆ. ಆದರೆ ಆ ಪ್ರಾಣಿ ಸಿಕ್ಕರೆ ಅದರ ಮೆದುಳನ್ನು ಪರೀಕ್ಷೆಗೆ ಕಳಿಸಲೇಬೇಕು. ಹುಚ್ಚಿರಲಿಲ್ಲವೆಂದು ಗೊತ್ತಾದರೆ ನೀವೆಲ್ಲ ನಿದ್ದೆ ಮಾಡಬಹುದು.

ತಕ್ಷಣ ಕಾಕಾನಿಗೆ ಫೋನ್ ಹಚ್ಚಿದೆ. ಕಾಕಿಯನ್ನು ನನಗೊಪ್ಪಿಸಿ, ಎಮ್ಮೆ ಕಟ್ಟಲು ಅವನು ಹಿಂದಿರುಗಿದ್ದ.

"ತೋಳ ಸಿಕ್ಕದ" ಎಂದ ಕಾಕಾ. "ಹಳ್ಳದಾಗ ಸತ್ತು ಬಿದ್ದದ. ಬಾಯಿ ತುಂಬ ಜೊಲ್ಲು. ಕುರಿಯವರು ನೋಡಿ ಹೇಳಿದ್ರು. ಜೀಪ್ ಬಂದದ. ಸುಡಾಕ ಕಟಗಿ ಒಟ್ಟಾಕತ್ತಾರ."

ಜೀಪು ಬಂದಿತ್ತು! ಮುಂಜಾನೆಯಿಂದ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿಲ್ಲದ ವನರಕ್ಷಕ, ತೋಳ ಸತ್ತ ಸುದ್ದಿ ಹೋದೊಡನೆ ಇಬ್ಬರೊಂದಿಗೆ ಹಳ್ಳದಲ್ಲಿ ಇಳಿದಿದ್ದ. ಕಾನೂನಿನಲ್ಲಿ ಅತ್ಯುನ್ನತ ರಕ್ಷಣೆಯುಳ್ಳ ಪ್ರಾಣಿ ಅದು. ರಕ್ಷಣೆ ಇರಲಿ, ನನಗದು ಒಪ್ಪಿಗೆ. ಅವನು ಮೊದಲು ಕುರಿಯವರನ್ನು ಸಾಲಾಗಿ ನಿಲ್ಲಿಸಿ, ಹೊಡೆದವರು ಯಾರು, ವಿಷ ಇಟ್ಟವರು ಯಾರು ಎಂದು ಗದರಿಸಿದನಂತೆ. ನಾನು ಫೋನನ್ನು ಅವನ ಕೈಗೆ ಕೊಡಿಸಿದೆ.

"ಸುಡಬ್ಯಾಡ್ರಿ. ಪರೀಕ್ಷಾಕ್ಕ ಕಳಸ್ರಿ. ಡಾಕ್ಟ್ರು ಹೇಳ್ಯಾರ."

"ಮ್ಯಾಲಿಂದ ಆರ್ಡರ್ ಬಂದದ ಮೇಡಂ, ದಹನ ಮಾಡ್ರಿ ಅಂತ. ವಾಸನಿ ಹಿಡದದ."

"ಮುಂಜಾನೆ ಜೀವ ಇತ್ತಲ್ರಿ ಅದು! ಇಷ್ಟರಾಗ ಹ್ಯಾಂಗ ವಾಸನಿ ಹಿಡೀತದ?"

"ನೀವು ದವಾಖಾನ್ಯಾಗ ಅದೀರಿ, ನಾ ಹಳ್ಳದಾಗ ಅದೀನಿ. ಮೂಗು ಯಾರದು ಹತ್ರ ಅದ?"

ಫೋನ್ ಕಟ್ಟಾಯಿತು. ನಾನು ಮತ್ತೆ ಮತ್ತೆ ಹಚ್ಚಿದೆ. ಕೊನೆಗೆ ಎತ್ತಿದ ಕಾಕಾ, "ಹೊಗಿ ಎದ್ದದ, ಯವ್ವಾ" ಎಂದ. ಪಶುವೈದ್ಯರು ಬಂದದ್ದನ್ನಾಗಲಿ, ಸುಡುವ ಮೊದಲು ತಲೆಯಿಂದ ಏನನ್ನಾದರೂ ತೆಗೆದದ್ದನ್ನಾಗಲಿ ಅಲ್ಲಿದ್ದ ಯಾರೂ ನೋಡಲಿಲ್ಲ.

ನಂತರ ನಾನು ಸಾಹೇಬರನ್ನೇ ಕಂಡೆ. ಸಭ್ಯ ಮನುಷ್ಯ, ಕುರ್ಚಿ ಕೊಟ್ಟರು, ಚಹಾ ತರಿಸಿದರು. ಫೋಟೋಗಳನ್ನು ನೋಡಿ, ಇದು ನಾಯಿಯ ಕಡಿತವೂ ಆಗಿರಬಹುದು ಎಂದರು. ಸತ್ತ ತೋಳ ಮುದಿಯಾಗಿತ್ತು, ಸಹಜವಾಗಿ ಸತ್ತಿದೆ ಎಂದರು. ಅದನ್ನು ಹೇಗೆ ತಿಳಿದಿರಿ ಎಂದು ಕೇಳಿದೆ. ಅನುಭವ ಎಂದರು. ಗಾಯ ತೊಳೆಯಬಾರದೆಂದು ನೀವೇ ಕಟ್ಟೆಯ ಮೇಲೆ ಹೇಳಿದ್ದು ಎಂದಾಗ ಮಾತ್ರ ಅವರ ಮುಖ ಬದಲಾಯಿತು. "ಅದು ಜಾನುವಾರುಗಳಿಗೆ. ಅಷ್ಟೂ ತಿಳಿಯುವುದಿಲ್ಲವೇ ನಿಮ್ಮ ಜನಕ್ಕೆ?" ಎಂದು ಮರಾಠಿಯಲ್ಲಿ ಕೇಳಿದರು.

ನಮ್ಮ ಜನಕ್ಕೆ ಚೆನ್ನಾಗಿ ತಿಳಿಯುತ್ತದೆ. ತೊಳೆದರೆ ಸುಳ್ಳುಗಾರರಾಗುತ್ತೇವೆಂಬುದನ್ನು ಅವರು ಒಂದು ಕರುವಿನಿಂದ ಕಲಿತರು. ಪಂಚನಾಮೆ ಇಲ್ಲದಿದ್ದರೆ ನಡೆದದ್ದು ನಡೆದಿಲ್ಲ ಎಂಬುದನ್ನು ನಿಮ್ಮ ಭಾಷಣದಿಂದ ಕಲಿತರು. ಒಬ್ಬ ಹೆಣ್ಣುಮಗಳು ತನ್ನ ಕೈಯನ್ನು ಸತ್ತ ಕುರಿಯಂತೆ ನೆಲದ ಮೇಲಿಟ್ಟು ಸರ್ಕಾರಕ್ಕಾಗಿ ಕಾದಳೆಂದರೆ, ಅದನ್ನು ದಡ್ಡತನವೆನ್ನುವ ಹಕ್ಕು ಕಲಿಸಿದವರಿಗಿಲ್ಲ.

ಇಂಜೆಕ್ಷನ್‌ಗಳು ಮುಗಿದಿವೆ. ಗಾಯ ಕೂಡಿದೆ, ಹೆಬ್ಬೆರಳು ಪೂರ್ತಿ ಮಡಚುವುದಿಲ್ಲ, ಕಾಕಿ ರೊಟ್ಟಿಯನ್ನು ಒಂದೇ ಕೈಯಲ್ಲಿ ಬಡಿಯುತ್ತಾಳೆ. ಹುಚ್ಚು ಹಿಡಿದವರು ನೀರಿಗೆ ಹೆದರುತ್ತಾರೆಂದು ಆಸ್ಪತ್ರೆಯಲ್ಲಿ ಯಾರೋ ಅವಳೆದುರೇ ಆಡಿದರು. ಅಂದಿನಿಂದ ದಿನಾ ಮುಂಜಾನೆ ಪಡಸಾಲೆಯಲ್ಲಿ ನಿಂತು, ತಂಬಿಗೆ ಎತ್ತಿ, ಎಲ್ಲರಿಗೂ ಕಾಣುವಂತೆ ಗಟಗಟ ಕುಡಿದು, "ಕುಡದೆ ನೋಡ್ರಿ. ಹೋಗ್ರಿ ಇನ್ನ, ಕೆಲಸಾ ಮಾಡ್ರಿ" ಎನ್ನುತ್ತಾಳೆ. ನಾವು ನಗುತ್ತೇವೆ. ಕಾಕಾ ಮಾತ್ರ ತಂಬಿಗೆ ಖಾಲಿಯಾಗುವವರೆಗೆ ಅವಳ ಗಂಟಲನ್ನೇ ನೋಡುತ್ತ ನಿಂತಿರುತ್ತಾನೆ.

ಕಳೆದ ತಿಂಗಳು ನಾನಿದ್ದ ಒಂದು ದಿನ ಅವಳು ತಂಬಿಗೆಯನ್ನು ತುಟಿಗೆ ತಂದು, ಒಂದು ಗುಟುಕಿಗೇ ಮುಖ ಕಿವುಚಿ, ಕೆಳಗಿಟ್ಟುಬಿಟ್ಟಳು. ಕಾಕಾನ ಕೈಯಲ್ಲಿದ್ದ ಹಗ್ಗ ನೆಲಕ್ಕೆ ಜಾರಿತು. ನಾನು ಅವಳ ಹಣೆ ಮುಟ್ಟಿದೆ, ಬಿಸಿಯಿತ್ತು. ಆಸ್ಪತ್ರೆಯವರೆಗಿನ ದಾರಿಯಲ್ಲಿ ಕಾಕಿ ಕಿಟಕಿಯಾಚೆ ಜೋಳದ ಕೂಳೆಗಳನ್ನು ನೋಡುತ್ತಿದ್ದಳು. ಡಾಕ್ಟರು ಬ್ಯಾಟರಿ ಹಚ್ಚಿ ಗಂಟಲು ನೋಡಿ, ಗಂಟಲು ಬಾತಿದೆ, ಶೀತ ಅಷ್ಟೇ ಎಂದರು. ಕಾಕಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಇನ್ನೆಷ್ಟು ಕಾಲ ಹೀಗೆ ಎಂದು ಕೇಳಿದ್ದಕ್ಕೆ ಡಾಕ್ಟರು, ರೋಗ ತಡವಾಗಿ ಕಾಣಿಸಿಕೊಂಡದ್ದೂ ಉಂಟು, ತೋಳದ ಪರೀಕ್ಷೆಯ ವರದಿ ಇದ್ದಿದ್ದರೆ ಇಂದೇ ಹೇಳುತ್ತಿದ್ದೆ ಎಂದರು.

ಆದ್ದರಿಂದ, ನಮ್ಮ ಭಾಗದ ಅರಣ್ಯಾಧಿಕಾರಿಗಳನ್ನೂ ಅವರ ಮೇಲಿನವರನ್ನೂ ಉದ್ದೇಶಿಸಿ, ಈ ಬರಹದ ಮೂಲಕ ವಿಧಿವತ್ತಾಗಿ ಕೇಳುತ್ತೇನೆ. ಹಳ್ಳದಲ್ಲಿ ಸುಡಲಾದ ತೋಳದ ಮೆದುಳಿನ ಮಾದರಿಯನ್ನು ತೆಗೆಯಲಾಗಿತ್ತೇ? ತೆಗೆದಿದ್ದರೆ ಅದರ ಫಲಿತಾಂಶವನ್ನು ವಿಳಂಬವಿಲ್ಲದೆ ನಮಗೂ ಆಸ್ಪತ್ರೆಗೂ ತಿಳಿಸಬೇಕು. ತೆಗೆದಿರದಿದ್ದರೆ, ಪರೀಕ್ಷಿಸದೆ ಸುಡಲು ಆಜ್ಞೆ ಕೊಟ್ಟವರು ಯಾರು, ಯಾವ ಕಾರಣಕ್ಕೆ ಎಂಬುದನ್ನು ಬರವಣಿಗೆಯಲ್ಲಿ ಹೇಳಬೇಕು. ಆ ಬಗ್ಗೆ ತನಿಖೆ ನಡೆಯಬೇಕು. ಸಾಹೇಬರು ಮತ್ತೊಮ್ಮೆ ಅದೇ ಕಟ್ಟೆಯ ಮೇಲೆ ನಿಂತು, ಮನುಷ್ಯರನ್ನು ಕಚ್ಚಿದರೆ ಮೊದಲು ಸೋಪು, ನೀರು, ಆಸ್ಪತ್ರೆ, ಪಂಚನಾಮೆ ಆಮೇಲೆ ಎಂಬುದನ್ನು ಮರಾಠಿಯಲ್ಲೂ ಕನ್ನಡದಲ್ಲೂ ಸಾರಬೇಕು. ಕಚೇರಿಯ ಫೋನಿನ ಬಳಿ ಕೂರುವ ಪ್ರತಿಯೊಬ್ಬರಿಗೂ 'ತೊಳೀರಿ' ಎಂದು ಹೇಳುವ ಅಧಿಕಾರವನ್ನು ಲಿಖಿತವಾಗಿ ಕೊಡಬೇಕು. ಉತ್ತರವನ್ನು ಕಾಕಿಯ ವಿಳಾಸಕ್ಕೆ, ಅವಳು ಓದಬಲ್ಲ ಕನ್ನಡದಲ್ಲಿ ಕಳುಹಿಸಬೇಕೆಂದು ಕೋರುತ್ತೇನೆ.